ಮುಗಿಯುವ ಆಟವೇ ಮೇಲು

ದುಡಿದು ದಣಿದ ಮನಸ್ಸು ವಿನೋದವನ್ನು ಬಯಸುವುದು ಸಹಜವಾದುದು. ಆಟವೆಲ್ಲವೂ ಕೇಡೆಂದು ಗದರಿಸಿದ ಹಿರಿಯರ ಮಾತನ್ನು ಯಾವ ಕಾಲದ ಮಕ್ಕಳೂ ಕೇಳಿದ್ದಿಲ್ಲ. ಆದುದರಿಂದ ವಿಡಿಯೋ ಆಟಗಳು ಬೇಕೇ ಬೇಡವೇ ಎಂಬ ಹಳೆಯ ಚರ್ಚೆಯನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಅವು ನಮ್ಮ ಮನೆಗಳನ್ನು ಹೊಕ್ಕಾಗಿದೆ. ಈಗ ವಿಚಾರಿಸಬೇಕಾದುದು ಇಷ್ಟೇ: ದಿನಕ್ಕೆ ಅರ್ಧ ಗಂಟೆಯೋ ವಾರಕ್ಕೆ ಎರಡು ಗಂಟೆಯೋ ಮಾತ್ರ ಬಿಡುವುಳ್ಳ ಗೃಹಸ್ಥರಿಗೆ, ಪರೀಕ್ಷೆಯನ್ನು ಎದುರಿಗಿಟ್ಟುಕೊಂಡ ವಿದ್ಯಾರ್ಥಿಗಳಿಗೆ ಎಂತಹ ಆಟ ಯೋಗ್ಯವಾದುದು?

ಪೇಟೆಯ ಉತ್ತರ ಸಿದ್ಧವಾಗಿದೆ. ಸಮಯವಿಲ್ಲದವರಿಗೆ ಮೊಬೈಲಿನಲ್ಲಿ ಐದು ನಿಮಿಷದ ಆಟಗಳಿವೆ. ಬಸ್ಸಿಗೆ ಕಾಯುವಾಗ, ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಆಡಿ ಮುಗಿಸಬಹುದು. ಹಣವನ್ನೂ ಕೊಡಬೇಕಾಗಿಲ್ಲ ಎನ್ನುತ್ತಾರೆ. ಈ ಉತ್ತರ ಮೋಸದ್ದೆಂಬುದೇ ನನ್ನ ವಾದ. ಬಿಡುವಿಲ್ಲದವನಿಗೆ ಐದು ನಿಮಿಷದ ಆಟದಷ್ಟು ದುಬಾರಿಯಾದುದು ಮತ್ತೊಂದಿಲ್ಲ. ಎರಡು ಗಂಟೆಗಳನ್ನು ಬೇಡಿ, ಎರಡು ಗಂಟೆಗಳಲ್ಲಿ ಮುಗಿದು, ಮತ್ತೆಂದೂ ಬಾಗಿಲು ತಟ್ಟದ ಆಟವೇ ಅವನಿಗೆ ಅಗ್ಗವಾದುದು.

ಒಂದು ಉದಾಹರಣೆಯನ್ನು ನೋಡೋಣ. ಕಿಂಗ್ ಎಂಬ ಸಂಸ್ಥೆ 2012ರಲ್ಲಿ ಹೊರತಂದ ‘ಕ್ಯಾಂಡಿ ಕ್ರಷ್ ಸಾಗಾ’ ಆಟವನ್ನು ಅರಿಯದ ಮನೆಗಳು ವಿರಳ. ಆಡುವವನಿಗೆ ಐದು ‘ಜೀವ’ಗಳನ್ನು ಕೊಡಲಾಗುತ್ತದೆ. ಸೋತಾಗಲೆಲ್ಲ ಒಂದು ಕಳೆಯುತ್ತದೆ. ಕಳೆದ ಜೀವವೊಂದು ಮರಳಲು ಮೂವತ್ತು ನಿಮಿಷಗಳು ಬೇಕು. ಮೇಲುನೋಟಕ್ಕೆ ಇದು ಆಟಗಾರನಿಗೆ ಹಾಕಿದ ಮಿತಿಯಂತೆ ಕಾಣುತ್ತದೆ. ವಾಸ್ತವದಲ್ಲಿ ಇದು ಮರಳಿ ಬರಲು ಕೊಟ್ಟ ವಾಯಿದೆ. ಫೋನನ್ನು ಕೆಳಗಿಟ್ಟರೂ ಮನಸ್ಸು ಆ ಅರ್ಧ ಗಂಟೆಯನ್ನು ಎಣಿಸುತ್ತಿರುತ್ತದೆ. ಕಾಯಲಾರದವನು ಹಣ ತೆತ್ತು ಜೀವವನ್ನು ಕೊಳ್ಳಬಹುದು. ಆಟದ ಹಂತಗಳೋ ಹತ್ತು ಸಾವಿರವನ್ನೂ ಮೀರಿವೆ, ಇನ್ನೂ ಸೇರುತ್ತಲೇ ಇವೆ. ಈ ಸಂಸ್ಥೆಯನ್ನು ಆಕ್ಟಿವಿಷನ್ ಬ್ಲಿಜಾರ್ಡ್ 2016ರಲ್ಲಿ 590 ಕೋಟಿ ಡಾಲರುಗಳಿಗೆ ಕೊಂಡಿತು. ಉಚಿತವಾಗಿ ಹಂಚುವ ಆಟಕ್ಕೆ ಇಷ್ಟು ಬೆಲೆ ಏಕೆ ಬಂತು? ನಿತ್ಯವೂ ತಪ್ಪದೆ ಮರಳುವ ಜನಸ್ತೋಮವೇ ಅಲ್ಲಿ ಮಾರಾಟವಾದ ಸರಕು.

ಈ ಜಾತಿಯ ಆಟಗಳ ತಂತ್ರಗಳು ಒಂದೆರಡಲ್ಲ. ದಿನವೂ ಬಂದವನಿಗೆ ಬಹುಮಾನ, ಒಂದು ದಿನ ತಪ್ಪಿದರೆ ಸರಣಿ ಮುರಿದು ಮೊದಲಿನಿಂದ ಎಣಿಕೆ. ಇಂದು ರಾತ್ರಿಯೊಳಗೆ ಬಾರದಿದ್ದರೆ ಕೈತಪ್ಪುವ ಉಡುಗೊರೆ. ಊಟದ ಹೊತ್ತಿಗೆ ಸರಿಯಾಗಿ ಮೊಳಗುವ ಸೂಚನೆ. ಇವುಗಳಲ್ಲಿ ಯಾವುದೂ ಆಟದ ಸೊಗಸನ್ನು ಹೆಚ್ಚಿಸುವುದಿಲ್ಲ. ಎದ್ದು ಹೋಗುವುದನ್ನು ಕಷ್ಟಗೊಳಿಸುವುದೊಂದೇ ಇವುಗಳ ಕೆಲಸ.

ನಮ್ಮ ಹಿರಿಯರ ಆಟಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಚೌಕಾಬಾರದ ಕಾಯಿಗಳೆಲ್ಲ ಹಣ್ಣಾದರೆ ಆಟ ಮುಗಿಯಿತು. ತುಳುನಾಡಿನಲ್ಲಿ ಚೆನ್ನೆಮಣೆಯು ಆಟಿ ತಿಂಗಳ ಆಟ. ಮಳೆಗಾಲದ ಆ ಬಿಡುವು ಕಳೆದೊಡನೆ ಮಣೆ ಅಟ್ಟವನ್ನು ಸೇರುತ್ತಿತ್ತು. ಅಟ್ಟದ ಮೇಲಿಂದ ಅದು ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ. ಆಟಕ್ಕೊಂದು ಕಾಲ, ಅದಕ್ಕೊಂದು ಕೊನೆ ಎಂಬ ಈ ವಿವೇಕ ನಮಗೆ ಹೊಸತೇನೂ ಅಲ್ಲ.

ಇಲ್ಲಿ ಮೂರು ಆಕ್ಷೇಪಗಳು ಏಳುತ್ತವೆ. ಮೊದಲನೆಯದು, ಆಟದಲ್ಲಿ ಕತ್ತಿ ಕೋವಿಗಳಿಲ್ಲದಿದ್ದರೆ ಸಾಕು, ಮಿಕ್ಕದ್ದಕ್ಕೆ ಚಿಂತೆಯಿಲ್ಲ ಎಂಬುದು. ರಕ್ತಪಾತದ ಆಟಗಳನ್ನು ಮಕ್ಕಳಿಂದ ದೂರವಿಡುವುದು ಸರಿಯೇ. ಆದರೆ ಪರಿಶೀಲನೆ ಅಲ್ಲಿಗೇ ನಿಂತರೆ, ಮಿಠಾಯಿಯ ವೇಷದಲ್ಲಿ ಬಂದು ಮಗುವಿನ ಸಂಜೆಗಳನ್ನು ಕದಿಯುವ ಆಟಕ್ಕೆ ನಾವೇ ಬಾಗಿಲು ತೆರೆದಂತಾಗುವುದು.

ಎರಡನೆಯದು, ಸಂಯಮ ಆಡುವವನಿಗೆ ಬಿಟ್ಟದ್ದು, ಆಟವನ್ನೇಕೆ ದೂರಬೇಕು ಎಂಬುದು. ಸಂಯಮದ ಹಿರಿಮೆಯನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಇಲ್ಲಿ ಒಂದು ಕಡೆಗೆ ಹತ್ತು ವರ್ಷದ ಬಾಲಕ. ಇನ್ನೊಂದು ಕಡೆಗೆ ಯಾವ ಬಣ್ಣ, ಯಾವ ದನಿ, ಯಾವ ಗಳಿಗೆ ಅವನನ್ನು ಮರಳಿ ತರುವುದೆಂದು ಅಳೆದು ನೋಡುವ ಸಂಬಳದ ಪರಿಣತರು. ಇದನ್ನು ಸಮಬಲದ ಸ್ಪರ್ಧೆ ಎನ್ನಲಾದೀತೇ? ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಈ ಲಕ್ಷಣಗಳುಳ್ಳ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆಡುವವರೆಲ್ಲರೂ ರೋಗಿಗಳೆಂದು ಇದರ ಅರ್ಥವಲ್ಲ. ಎಲ್ಲವೂ ಮನೋಬಲದ ಮಾತೆಂದು ಕೈತೊಳೆದುಕೊಳ್ಳುವಂತಿಲ್ಲ ಎಂಬುದಂತೂ ಸ್ಪಷ್ಟ. ಕಾನೂನಿಗೂ ಇಲ್ಲಿ ಮಿತಿಯುಂಟು. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಅಂತಹ ಕಾನೂನು ಕಿಸೆಯನ್ನು ಕಾದೀತು. ನಮ್ಮ ಹೊತ್ತನ್ನು ನಾವೇ ಕಾಯಬೇಕು.

ಮೂರನೆಯದು, ಉಚಿತವಾಗಿ ಸಿಗುವಾಗ ಹಣ ಕೊಟ್ಟು ಎರಡು ಗಂಟೆಯ ಆಟವನ್ನೇಕೆ ಕೊಳ್ಳಬೇಕು ಎಂಬುದು. ಲಂಡನ್ನಿನ ಅಸ್‌ಟೂ ಸಂಸ್ಥೆ 2014ರಲ್ಲಿ ‘ಮಾನ್ಯುಮೆಂಟ್ ವ್ಯಾಲಿ’ ಎಂಬ ಸುಂದರವಾದ ಆಟವನ್ನು ಹೊರತಂದಿತು. ಅದೇ ವರ್ಷ ಅದಕ್ಕೆ ಹೊಸ ಅಧ್ಯಾಯಗಳನ್ನು ಸೇರಿಸಿ ಎರಡು ಡಾಲರಿಗಿಂತ ಕಡಿಮೆ ಬೆಲೆಯಿಟ್ಟಾಗ, ಹಣ ಕೇಳಿದ್ದಕ್ಕಾಗಿಯೇ ಅನೇಕರು ಮುನಿದು ಅದಕ್ಕೆ ಒಂದೇ ನಕ್ಷತ್ರವನ್ನು ಕೊಟ್ಟರು. ನೇರವಾಗಿ ಬೆಲೆ ಹೇಳುವ ವ್ಯಾಪಾರಿಯನ್ನು ಬೈದು, ಗುಟ್ಟಾಗಿ ಸುಲಿಯುವವನನ್ನು ಉದಾರಿಯೆಂದು ಹೊಗಳುವ ಈ ಬುದ್ಧಿ ವ್ಯಾಪಾರದ ನೀತಿಯನ್ನು ಬಲ್ಲ ನಮ್ಮ ಮನೆತನಗಳಿಗೆ ಒಪ್ಪುವಂಥದಲ್ಲ.

ಹಾಗಾದರೆ ಯಾವುದನ್ನು ಆಡಬಹುದು? ನಾನು ಮೆಚ್ಚಿದ ಕೆಲವನ್ನು ಹೇಳುತ್ತೇನೆ. ಮೇಲೆ ಹೇಳಿದ ‘ಮಾನ್ಯುಮೆಂಟ್ ವ್ಯಾಲಿ’ ಹತ್ತು ಅಧ್ಯಾಯಗಳದು. ಕಣ್ಣನ್ನು ಮೋಸಗೊಳಿಸುವ ಕಟ್ಟಡಗಳನ್ನು ತಿರುಗಿಸಿ ದಾರಿ ಮಾಡುವುದಷ್ಟೇ ಆಟ. ದಿನಕ್ಕೊಂದು ಅಧ್ಯಾಯವನ್ನು ಆಡಿ ಏಳಬಹುದು. 2012ರ ‘ಜರ್ನಿ’ಯಲ್ಲಿ ಮರಳುಗಾಡನ್ನು ದಾಟಿ ಬೆಟ್ಟದ ತುದಿಗೆ ನಡೆಯಬೇಕು. ದಾರಿಯಲ್ಲಿ ಅಪರಿಚಿತ ಸಹಯಾತ್ರಿಯೊಬ್ಬ ಜೊತೆಯಾಗಬಹುದು. ಮಾತಿಲ್ಲ, ಹೆಸರಿನ ಪರಿಚಯವಿಲ್ಲ, ಆಟಗಾರನು ಯಾರನ್ನೂ ಹೊಡೆಯುವುದಿಲ್ಲ. ಸುಮಾರು ಎರಡು ಗಂಟೆಗಳಲ್ಲಿ ಯಾತ್ರೆ ಪೂರೈಸುತ್ತದೆ. 2019ರ ‘ಎ ಶಾರ್ಟ್ ಹೈಕ್’ನಲ್ಲಿ ಪುಟ್ಟ ಹಕ್ಕಿಯೊಂದು ಫೋನಿನ ಸಂಪರ್ಕ ಸಿಗಲೆಂದು ಬೆಟ್ಟವೇರುತ್ತದೆ; ಒಂದು ಸಂಜೆಗೆ ಸಾಕು. ಟೊರಾಂಟೊದ ತಂಡವೊಂದು 2023ರಲ್ಲಿ ರಚಿಸಿದ ‘ವೆಂಬಾ’ ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿಯ ಕಥೆ. ಮಾಸಿದ ಅಡುಗೆ ಪುಸ್ತಕವನ್ನು ನೋಡಿ ಇಡ್ಲಿ ಬೇಯಿಸುತ್ತ, ಮಗನು ತಾಯ್ನುಡಿಯಿಂದ ದೂರವಾಗುವ ನೋವನ್ನು ಕಾಣುತ್ತೇವೆ. ಅದರಲ್ಲಿ ಮಾಂಸದ ಅಡುಗೆಯೂ ಬರುತ್ತದೆಂಬುದನ್ನು ನಮ್ಮ ಓದುಗರಿಗೆ ಮೊದಲೇ ತಿಳಿಸುವುದು ನ್ಯಾಯ. ಇನ್ನು ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ 1984ರಲ್ಲಿ ರಚಿಸಿದ ‘ಟೆಟ್ರಿಸ್’. ಅದಕ್ಕೆ ಗೆಲುವೆಂಬ ಕೊನೆಯಿಲ್ಲ ನಿಜ. ಆದರೆ ಪ್ರತಿ ಸಲವೂ ಸೋಲಿನಲ್ಲಿ ಮುಗಿದು, ಹಳೆಯ ಸರಳ ರೂಪದಲ್ಲಿ ಅದು ತೆಪ್ಪಗಿರುತ್ತದೆ.

ಹೆಸರುಗಳು ಮರೆತರೂ ಮೂರು ಪ್ರಶ್ನೆಗಳು ನೆನಪಿರಲಿ. ಈ ಆಟಕ್ಕೆ ಕೊನೆಯುಂಟೇ? ನಡುವೆ ಬಿಟ್ಟೆದ್ದರೆ ದಂಡವುಂಟೇ? ನಾವು ಕರೆಯದೆ ಅದು ನಮ್ಮನ್ನು ಕರೆಯುತ್ತದೆಯೇ?

ವಿದ್ಯಾರ್ಥಿ ನಿಲಯಗಳನ್ನು, ಬೇಸಿಗೆ ಶಿಬಿರಗಳನ್ನು ನಡೆಸುವ ಟ್ರಸ್ಟುಗಳ ಆಡಳಿತ ವರ್ಗಕ್ಕೆ ಒಂದು ವಿನಂತಿ. ಫೋನು ಮುಟ್ಟಬಾರದೆಂಬ ಫಲಕವನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಕರ್ತವ್ಯ ಮುಗಿಯದು. ಫಲಕದ ಕೆಳಗೇ ಹೊದಿಕೆಯೊಳಗೆ ಆಟ ಸಾಗುತ್ತಿರುತ್ತದೆ. ಈ ಮೂರು ಪ್ರಶ್ನೆಗಳನ್ನು ಮಕ್ಕಳ ಕೈಗೇ ಕೊಟ್ಟು, ತಾವು ಆಡುವ ಆಟವನ್ನು ತಾವೇ ಪರೀಕ್ಷಿಸಲು ಕಲಿಸಿರಿ. ಎರಡು ಗಂಟೆ ಆಡಿ ‘ಮುಗಿಯಿತು’ ಎಂದು ತಾನಾಗಿ ಎದ್ದು ಬರುವ ಬಾಲಕನನ್ನು ಗದರಿಸಬೇಡಿರಿ. ಐದು ನಿಮಿಷವೆಂದು ಹೇಳಿ ಇನ್ನೂ ಏಳದವನ ಬಳಿ ಕುಳಿತು, ಆ ಆಟ ಅವನನ್ನು ಹೇಗೆ ಹಿಡಿದಿಟ್ಟಿದೆಯೆಂಬುದನ್ನು ತೋರಿಸಿಕೊಡಿರಿ.