ವದ್ದೀಕೆರೆಯಲ್ಲಿ ಬಿದ್ದ ತಪಸ್, ಅಮೆರಿಕದಿಂದ ಬರಲಿರುವ ಪ್ರಿಡೇಟರ್: ಈ ಲೆಕ್ಕದಲ್ಲಿ ಚಿತ್ರದುರ್ಗ ಎಲ್ಲಿದೆ?

2023ರ ಆಗಸ್ಟ್ 20, ಭಾನುವಾರ. ಹಿರಿಯೂರಿನ ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ತಾಲೂಕಿನ ವದ್ದೀಕೆರೆ ಗ್ರಾಮದ ಹೊಲದಲ್ಲಿ ವಿಮಾನದಂಥದ್ದೊಂದು ಮುರಿದು ಬಿದ್ದಿದೆ, ಬಿಡಿಭಾಗಗಳು ಚೆಲ್ಲಾಡಿವೆ, ಸುತ್ತ ಜನ ಮೊಬೈಲ್ ಹಿಡಿದು ನಿಂತಿದ್ದಾರೆ. ಪಕ್ಕದ ಮನೆಯ ಅಜ್ಜ ನನ್ನ ಫೋನಿನೊಳಗೆ ಇಣುಕಿ ನೋಡಿ, "ಒಳಗೆ ಯಾರೂ ಇರ್ಲಿಲ್ವಂತಲ್ಲ ಮಗಾ, ಸದ್ಯ. ಆದ್ರೆ ಇದ್ಕೆ ದುಡ್ಡು ಎಷ್ಟಾಗಿರ್ಬೋದು?" ಅಂತ ಕೇಳಿದರು.

ಬಿದ್ದದ್ದು ಡಿಆರ್‌ಡಿಒ ತಯಾರಿಸಿದ ತಪಸ್ ಡ್ರೋನ್. ಅದು ಹಾರಿದ್ದು ಚಳ್ಳಕೆರೆ ಪಕ್ಕದ ಕುದಾಪುರದ ವೈಮಾನಿಕ ಪರೀಕ್ಷಾ ಕೇಂದ್ರದಿಂದ. ಅಜ್ಜನ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಹುಡುಕುತ್ತಾ ಹೋದರೆ, ದೇಶದ ವಿಮಾನ ಖರೀದಿಯ ಇಡೀ ಕಥೆ ನಮ್ಮ ಜಿಲ್ಲೆಯ ಒಂದು ಹೊಲದಲ್ಲೇ ಬಿದ್ದಿದೆ ಅನ್ನಿಸಿತು.

ತಪಸ್ ಮಾಡಬೇಕಿದ್ದ ಕೆಲಸ

ಕೇಂದ್ರದ ಭದ್ರತಾ ಸಂಪುಟ ಸಮಿತಿ ಈ ಯೋಜನೆಗೆ ಒಪ್ಪಿಗೆ ಕೊಟ್ಟದ್ದು 2011ರ ಫೆಬ್ರವರಿಯಲ್ಲಿ. ಆಗ ಅಂದಾಜು 1,540 ಕೋಟಿ ರೂಪಾಯಿ. ನಂತರ ಅದನ್ನು 1,786 ಕೋಟಿಗೆ ಏರಿಸಲಾಯಿತು. ಮೊದಲ ಹೆಸರು ರುಸ್ತುಂ-2. ವಿನ್ಯಾಸ ಬೆಂಗಳೂರಿನ ಎಡಿಇ ಪ್ರಯೋಗಾಲಯದ್ದು, ತಯಾರಿಕೆಯ ಹೊಣೆ ಎಚ್‌ಎಎಲ್ ಮತ್ತು ಬಿಇಎಲ್‌ನದ್ದು. ಮೊದಲ ಹಾರಾಟ ನಡೆದದ್ದು ನಮ್ಮಲ್ಲೇ, 2016ರ ನವೆಂಬರ್‌ನಲ್ಲಿ.

ಸೇನೆ ಕೇಳಿದ್ದು ಎರಡು ಮುಖ್ಯ ಸಂಗತಿ. ಡ್ರೋನ್ 30 ಸಾವಿರ ಅಡಿ ಎತ್ತರಕ್ಕೆ ಏರಬೇಕು, ಒಂದೇ ಸಮನೆ 24 ಗಂಟೆ ಹಾರಬೇಕು. ಪರೀಕ್ಷೆಗಳಲ್ಲಿ ತಪಸ್ ಸುಮಾರು 28 ಸಾವಿರ ಅಡಿ, 18 ಗಂಟೆ ಮುಟ್ಟಿತು. 2019ರ ಸೆಪ್ಟೆಂಬರ್‌ನಲ್ಲಿ ಚಳ್ಳಕೆರೆ ತಾಲೂಕಿನ ಜೋಡಿ ಚಿಕ್ಕೇನಹಳ್ಳಿ ಬಳಿ ಒಂದು ಬಿತ್ತು, 2023ರಲ್ಲಿ ವದ್ದೀಕೆರೆಯಲ್ಲಿ ಇನ್ನೊಂದು. 2024ರ ಆರಂಭದಲ್ಲಿ, ತುರ್ತು ಆದ್ಯತೆಯ 'ಮಿಷನ್ ಮೋಡ್' ಯೋಜನೆಗಳ ಪಟ್ಟಿಯಿಂದ ತಪಸ್ಸನ್ನು ಕೈಬಿಡಲಾಗಿದೆ ಎಂಬ ಸುದ್ದಿ ಬಂತು.

ಹಾಗಂತ ಅದು ಏನೂ ಮಾಡಲೇ ಇಲ್ಲ ಅನ್ನುವುದು ತಪ್ಪು. 2023ರ ಜೂನ್ 16ರಂದು ಇದೇ ಕುದಾಪುರದಿಂದ ಹಾರಿದ ತಪಸ್‌ನ ನಿಯಂತ್ರಣವನ್ನು ಕಾರವಾರದಾಚೆ ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗು ತನ್ನ ಕೈಗೆ ತೆಗೆದುಕೊಂಡಿತು. ಮೂರೂವರೆ ಗಂಟೆಯ ಹಾರಾಟ. ನೆಲದಿಂದ ಹಾರಿದ ಡ್ರೋನನ್ನು ಹಡಗಿನಿಂದ ನಡೆಸುವುದು ಸಣ್ಣ ಮಾತಲ್ಲ. ಎರಡು ತಿಂಗಳ ನಂತರದ ವದ್ದೀಕೆರೆ ವಿಡಿಯೋ ಮಾತ್ರ ಎಲ್ಲರಿಗೂ ನೆನಪಿದೆ, ಇದು ಯಾರಿಗೂ ನೆನಪಿಲ್ಲ.

ಖಾಲಿ ಜಾಗಕ್ಕೆ ಬಂದವರು

ತಪಸ್ ತಡವಾದಷ್ಟೂ ಸೇನೆ ಕಾಯಲಿಲ್ಲ. ಚೀನಾ ಗಡಿ, ಪಾಕಿಸ್ತಾನ ಗಡಿ ಎರಡೂ ಕಡೆ ಕಣ್ಣಿಡಬೇಕಾದವರು ಕಾಯುವುದೂ ಸಾಧ್ಯವಿಲ್ಲ ಬಿಡಿ. ವದ್ದೀಕೆರೆಯಲ್ಲಿ ತಪಸ್ ಬಿದ್ದ ಅದೇ ಆಗಸ್ಟ್ ತಿಂಗಳಲ್ಲಿ, ಇಸ್ರೇಲಿನ ಹೆರಾನ್ ಮಾರ್ಕ್-2 ಡ್ರೋನ್‌ಗಳು ಉತ್ತರದ ವಾಯುನೆಲೆಯಲ್ಲಿ ಕೆಲಸ ಶುರು ಮಾಡಿವೆ ಎಂಬ ಸುದ್ದಿ ಬಂದಿತ್ತು. 2024ರ ಜನವರಿಯಲ್ಲಿ ಅದಾನಿ ಕಂಪನಿ ಹೈದರಾಬಾದಿನಲ್ಲಿ ನೌಕಾಪಡೆಗೆ ದೃಷ್ಟಿ-10 ಡ್ರೋನ್ ಹಸ್ತಾಂತರಿಸಿತು. ಹೆಸರು ಸಂಸ್ಕೃತದ್ದು, ಮೂಲ ವಿನ್ಯಾಸ ಇಸ್ರೇಲಿನ ಎಲ್ಬಿಟ್ ಕಂಪನಿಯ ಹರ್ಮಿಸ್-900ರದ್ದು. 2024ರ ಅಕ್ಟೋಬರ್ 15ರಂದು ಅಮೆರಿಕದ ಜನರಲ್ ಅಟಾಮಿಕ್ಸ್ ಕಂಪನಿಯ 31 ಎಂಕ್ಯೂ-9ಬಿ ಪ್ರಿಡೇಟರ್ ಡ್ರೋನ್‌ಗಳಿಗೆ ಸಹಿ ಬಿತ್ತು. ಸುಮಾರು 32 ಸಾವಿರ ಕೋಟಿ ರೂಪಾಯಿ. 15 ನೌಕಾಪಡೆಗೆ, ಭೂಸೇನೆ ಮತ್ತು ವಾಯುಪಡೆಗೆ ತಲಾ 8.

ಇಲ್ಲಿ ಒಂದು ಎಚ್ಚರ ಬೇಕು. ತಪಸ್ ಮತ್ತು ಪ್ರಿಡೇಟರ್ ಒಂದೇ ವರ್ಗದವಲ್ಲ. ಪ್ರಿಡೇಟರ್ 40 ಸಾವಿರ ಅಡಿಯಲ್ಲಿ, ಶಸ್ತ್ರ ಹೊತ್ತು, ಒಂದೂವರೆ ದಿನದಷ್ಟು ಹಾರಬಲ್ಲದು. ತಪಸ್‌ನ ನಿಜವಾದ ಸ್ಪರ್ಧಿ ಹೆರಾನ್. ಆದ್ದರಿಂದ "ತಪಸ್ ಸೋತಿದ್ದಕ್ಕೆ ಪ್ರಿಡೇಟರ್ ಬಂತು" ಎಂದು ರೀಲ್ಸ್ ಮಾಡುವವರು ಅರ್ಧ ಸತ್ಯ ಹೇಳುತ್ತಿದ್ದಾರೆ. ಆದರೆ ಹಣದ ದಿಕ್ಕನ್ನು ನೋಡಿ. ಹನ್ನೆರಡು ವರ್ಷದ ಸ್ವದೇಶಿ ಯೋಜನೆಗೆ 1,786 ಕೋಟಿ, ಒಂದು ಸಹಿಯ ವಿದೇಶಿ ಖರೀದಿಗೆ ಅದರ ಸುಮಾರು 18 ಪಟ್ಟು.

ಬೀಳುವುದು ಅಪರಾಧವಲ್ಲ

ನಮ್ಮದು ಬಿತ್ತು, ಅವರದ್ದು ಬೀಳಲ್ಲ ಅನ್ನೋ ಭ್ರಮೆ ಬೇಡ. ನೌಕಾಪಡೆ ಬಾಡಿಗೆಗೆ ತಂದಿದ್ದ ಎರಡು ಎಂಕ್ಯೂ-9 ಡ್ರೋನ್‌ಗಳಲ್ಲಿ ಒಂದು 2024ರ ಸೆಪ್ಟೆಂಬರ್‌ನಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು. ಒಂದು ತಿಂಗಳೊಳಗೆ ಅದೇ ಕುಟುಂಬದ 31ಕ್ಕೆ ಒಪ್ಪಂದವಾಯಿತು. 2025ರ ಜನವರಿಯಲ್ಲಿ ದೃಷ್ಟಿ-10 ಒಂದು ಗುಜರಾತಿನ ಪೋರಬಂದರ್ ಬಳಿ ಸಮುದ್ರಕ್ಕೆ ಬಿತ್ತು. ಯಾರೂ ಆ ಕಂಪನಿಗಳ ಅಂಗಡಿ ಮುಚ್ಚಿಸಲಿಲ್ಲ. ಮುಚ್ಚಿಸಬೇಕು ಎಂದೂ ನಾನು ಹೇಳುತ್ತಿಲ್ಲ. ಪರೀಕ್ಷಾ ಕೇಂದ್ರ ಇರುವುದೇ ಬೀಳುವುದಕ್ಕೆ, ಬಿದ್ದು ಕಲಿಯುವುದಕ್ಕೆ.

ವ್ಯತ್ಯಾಸ ಇರುವುದು ಬಿದ್ದ ಮೇಲೆ ಏನಾಗುತ್ತದೆ ಅನ್ನುವುದರಲ್ಲಿ. ವಿದೇಶಿ ಕಂಪನಿಗೆ ಮುಂದಿನ ಆರ್ಡರ್ ಖಾತ್ರಿ ಇರುತ್ತದೆ, ಹಾಗಾಗಿ ತಪ್ಪನ್ನು ತಿದ್ದಿ ಮುಂದಿನ ಮಾದರಿ ತರುತ್ತದೆ. ಎಂಕ್ಯೂ-9ಬಿ ಆ ಕಂಪನಿಯ ಮೊದಲ ಮಾದರಿಯಲ್ಲ, ಮೊದಲ ಪ್ರಿಡೇಟರ್ ಹಾರಿದ್ದು 1994ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಅವರ ಸರ್ಕಾರ ಕೊಳ್ಳುತ್ತಲೇ ಬಂತು. ನಮ್ಮಲ್ಲಿ ಮೊದಲ ಮಾದರಿಯೇ ಎಲ್ಲ ಅಂಕ ತೆಗೆಯಬೇಕು, ಇಲ್ಲದಿದ್ದರೆ ಆರ್ಡರ್ ಇಲ್ಲ. ಆರ್ಡರ್ ಇಲ್ಲದಿದ್ದರೆ ಎರಡನೇ ಮಾದರಿ ಎಲ್ಲಿಂದ ಬರಬೇಕು?

ಇನ್ನೊಂದು ಕಡೆ, ನಾವು ಮಾಡಿದ್ದರಲ್ಲೂ ಹೃದಯ ಹೊರಗಿನದೇ. ತಪಸ್‌ಗೆ ಎಂಜಿನ್ ಬಂದದ್ದು ಹೊರದೇಶದಿಂದ. ತೇಜಸ್ ಯುದ್ಧವಿಮಾನದ ಕಥೆಯೂ ಅದೇ. 83 ತೇಜಸ್ ಮಾರ್ಕ್-1ಎಗೆ 2021ರಲ್ಲಿ ಒಪ್ಪಂದ, ಅದೇ ವರ್ಷ ಅಮೆರಿಕದ ಜಿಇ ಕಂಪನಿಗೆ 99 ಎಂಜಿನ್ ಆರ್ಡರ್. ಮೊದಲ ಎಂಜಿನ್ ಬಂದದ್ದು 2025ರ ಮಾರ್ಚ್‌ನಲ್ಲಿ. ವಿಮಾನ ತಡವಾಯಿತೆಂದು ಎಚ್‌ಎಎಲ್‌ಗೆ ಬೈದವರು, ಎಂಜಿನ್ ತಡಮಾಡಿದವರ ಬಗ್ಗೆ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಜಮೀನು ನಮ್ಮದು, ಆರ್ಡರ್ ಯಾರದ್ದು?

ಈಗ ಜಿಲ್ಲೆಯ ವಿಚಾರಕ್ಕೆ ಬರೋಣ. 2017ರ ಮೇ 28ರಂದು ಅರುಣ್ ಜೇಟ್ಲಿ ಉದ್ಘಾಟಿಸಿದ ಪರೀಕ್ಷಾ ಕೇಂದ್ರ ನಿಂತಿರುವುದು ಅಮೃತ್ ಮಹಲ್ ಕಾವಲಿನ ಮೇಲೆ. ಮೈಸೂರು ಅರಸರ ಕಾಲದಿಂದ ದನಗಳಿಗೆ ಮೀಸಲಿದ್ದ ಹುಲ್ಲುಗಾವಲು ಅದು. ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ ಡಿಆರ್‌ಡಿಒಗೆ 4,290 ಎಕರೆ, ಬಾರ್ಕ್‌ಗೆ 1,810, ಐಐಎಸ್‌ಸಿಗೆ 1,500, ಇಸ್ರೋಗೆ 573 ಎಕರೆ ಕೊಡಲಾಯಿತು. ಕುರಿ ಮೇಯಿಸುವವರಿಗೆ, ಚಳ್ಳಕೆರೆಯ ಕಂಬಳಿ ನೇಯುವವರಿಗೆ ಆ ಹುಲ್ಲೇ ಬಂಡವಾಳ. ಬೇಲಿ ಎದ್ದಾಗ ಊರಿನವರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು, ಯೋಜನೆಗಳು ನಿಲ್ಲಲಿಲ್ಲ. ಇದು ಒಂದು ಪಕ್ಷದ ಕೆಲಸವೂ ಅಲ್ಲ. ಜಮೀನು ಹಂಚಿಕೆಯ ಕಾಲದಲ್ಲಿ ಕೇಂದ್ರದಲ್ಲಿದ್ದದ್ದು ಯುಪಿಎ, ಉದ್ಘಾಟನೆ ಮಾಡಿದ್ದು ಎನ್‌ಡಿಎ.

ದೇಶದ ರಕ್ಷಣೆಗೆ ಜಮೀನು ಕೊಡುವುದು ತಪ್ಪಲ್ಲ ಅಂತಲೇ ಇಟ್ಟುಕೊಳ್ಳೋಣ. ಕುದಾಪುರದಲ್ಲಿ ಒಳ್ಳೆಯ ಕೆಲಸವೂ ಆಗಿದೆ. ಬಾಲವಿಲ್ಲದ ಸ್ವಯಂಚಾಲಿತ ವಿಮಾನದ ಮಾದರಿ 2022ರ ಜುಲೈನಲ್ಲಿ ಹಾರಿದ್ದು ಇಲ್ಲೇ. ಇಸ್ರೋದ ಮರುಬಳಕೆ ವಾಹನ 2023 ಮತ್ತು 2024ರಲ್ಲಿ ಮೂರು ಸಲ ತಾನಾಗಿ ಬಂದಿಳಿದದ್ದೂ ಇದೇ ರನ್‌ವೇ ಮೇಲೆ. ಆದರೆ ಕಾವಲು ಬಿಟ್ಟುಕೊಟ್ಟದ್ದು "ನಮ್ಮದೇ ವಿಮಾನ ಮಾಡುತ್ತೇವೆ" ಎಂಬ ಮಾತಿನ ಮೇಲೆ. ಕೊನೆಗೆ ದೊಡ್ಡ ಮೊತ್ತ ಹೊರಗೇ ಹೋಗುವುದಾದರೆ, ಕುರಿಗಾಹಿ ಯಾವುದಕ್ಕಾಗಿ ತ್ಯಾಗ ಮಾಡಿದ ಅಂತ ಕೇಳುವ ಹಕ್ಕು ನಮಗಿದೆ ಅಲ್ವಾ?

ಇನ್ನೊಂದು ಹೋಲಿಕೆ. 2023ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ಘೋಷಣೆಯಾಯಿತು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ರೈತರು ಆ ಹಣಕ್ಕಾಗಿ ಧರಣಿ, ಬಂದ್ ಎಲ್ಲ ಮಾಡಿದರು. ರಾಜ್ಯ ಸರ್ಕಾರ ವರ್ಷವರ್ಷವೂ ಪತ್ರ ಬರೆಯಿತು. ಪ್ರಿಡೇಟರ್ ಒಪ್ಪಂದದ ಮೊತ್ತವನ್ನು 31ರಿಂದ ಭಾಗಿಸಿದರೆ, ಶಸ್ತ್ರ ಮತ್ತು ಉಪಕರಣವೂ ಸೇರಿ, ಒಂದಕ್ಕೆ ಸಾವಿರ ಕೋಟಿಯ ಆಸುಪಾಸು. ಅಂದರೆ ನಮ್ಮ ನೀರಿನ ಘೋಷಣೆ ಐದು ಡ್ರೋನ್‌ಗಳಷ್ಟು. ನೀರು ಕೊಟ್ಟರೆ ಡ್ರೋನ್ ಬೇಡ ಅಂತ ನಾನು ಹೇಳುತ್ತಿಲ್ಲ. ಒಂದಕ್ಕೆ ಸಹಿ ಬೀಳುವ ವೇಗ ಇನ್ನೊಂದಕ್ಕೆ ಯಾಕಿಲ್ಲ ಅನ್ನುವುದಷ್ಟೇ ಪ್ರಶ್ನೆ.

ನಾಗರಿಕ ವಿಮಾನದಲ್ಲೂ ಇದೇ ಪಾಠ

2023ರಲ್ಲೇ ಏರ್ ಇಂಡಿಯಾ 470 ವಿಮಾನಗಳಿಗೆ ಆರ್ಡರ್ ಕೊಟ್ಟಿತು, 250 ಏರ್‌ಬಸ್‌ಗೆ, 220 ಬೋಯಿಂಗ್‌ಗೆ. ಇಂಡಿಗೋ ಒಂದೇ ಸಲ 500 ಏರ್‌ಬಸ್ ಕೇಳಿತು. ಇಡೀ ಮಾರುಕಟ್ಟೆ ಎರಡು ಕಂಪನಿಗಳ ಕೈಯಲ್ಲಿದೆ. ಆದರೂ ಖರೀದಿದಾರ ದೊಡ್ಡವನಾದಾಗ ಮಾರುವವನು ಸ್ವಲ್ಪ ಬಾಗುತ್ತಾನೆ. ಬೋಯಿಂಗ್ 2024ರ ಜನವರಿಯಲ್ಲಿ ದೇವನಹಳ್ಳಿ ಬಳಿ 43 ಎಕರೆಯಲ್ಲಿ 1,600 ಕೋಟಿಯ ಎಂಜಿನಿಯರಿಂಗ್ ಕೇಂದ್ರ ತೆರೆಯಿತು. ಏರ್‌ಬಸ್ ಬಿಡಿಭಾಗಗಳು ಬೆಳಗಾವಿಯಲ್ಲಿ ತಯಾರಾಗುತ್ತವೆ. ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಪಕ್ಕದ ಗುಬ್ಬಿಯಲ್ಲಿದೆ. ಬೆಂಗಳೂರು, ಬೆಳಗಾವಿ, ತುಮಕೂರಿಗೆ ಕೆಲಸ ಸಿಕ್ಕಿದೆ. ಚಿತ್ರದುರ್ಗಕ್ಕೆ ಸಿಕ್ಕಿದ್ದು ಬೇಲಿ ಮತ್ತು ರನ್‌ವೇ. ನಮ್ಮ ಐಟಿಐ ಹುಡುಗರು ಬೆಂಗಳೂರಿನ ಬಸ್ಸು ಹತ್ತುವುದು ಇನ್ನೂ ನಿಂತಿಲ್ಲ.

ರಕ್ಷಣಾ ಖರೀದಿಯಲ್ಲಿ ಈ ಬಾಗಿಸುವ ಶಕ್ತಿಯನ್ನು ನಾವೇ ಕಡಿಮೆ ಮಾಡಿಕೊಂಡಿದ್ದೇವೆ. ಮೊದಲು ವಿದೇಶಿ ಕಂಪನಿ ಒಪ್ಪಂದದ ಒಂದು ಪಾಲನ್ನು ಇಲ್ಲೇ ಹೂಡಬೇಕೆಂಬ 'ಆಫ್‌ಸೆಟ್' ಷರತ್ತು ಇತ್ತು. 2020ರ ಖರೀದಿ ನಿಯಮಗಳು ಸರ್ಕಾರ-ಸರ್ಕಾರದ ನಡುವಿನ ಒಪ್ಪಂದಗಳಿಗೆ ಅದನ್ನು ತೆಗೆದುಹಾಕಿದವು. ಪ್ರಿಡೇಟರ್ ಬರುತ್ತಿರುವುದು ಅದೇ ದಾರಿಯಲ್ಲಿ. ದುರಸ್ತಿ ಕೇಂದ್ರ ಭಾರತದಲ್ಲೇ ಇರುತ್ತದೆ ಎಂದು ಒಪ್ಪಂದ ಹೇಳುತ್ತದೆ, ಅದು ಒಳ್ಳೆಯದು. ಆದರೆ ದುರಸ್ತಿ ಕಲಿತವನು ವಿನ್ಯಾಸ ಕಲಿತಂತಾಗುವುದಿಲ್ಲ.

ನಾವು ಕೇಳಬೇಕಾದದ್ದು

2025ರ ಆಗಸ್ಟ್‌ನಲ್ಲಿ ರಕ್ಷಣಾ ಖರೀದಿ ಮಂಡಳಿ ಮೂರೂ ಪಡೆಗಳಿಗೆ ಮಧ್ಯಮ ಎತ್ತರದ, ದೀರ್ಘ ಹಾರಾಟದ ಡ್ರೋನ್ ಕೊಳ್ಳಲು ಒಪ್ಪಿಗೆ ನೀಡಿದೆ. ಇದು ತಪಸ್ ತುಂಬಬೇಕಿದ್ದ ಜಾಗವೇ. ಹಾಗಾಗಿ ಈಗಲೇ ಮಾತಾಡಬೇಕು, ಸಹಿ ಬಿದ್ದ ಮೇಲೆ ಹ್ಯಾಶ್‌ಟ್ಯಾಗ್ ಮಾಡಿ ಪ್ರಯೋಜನ ಇಲ್ಲ.

ನನ್ನ ಬೇಡಿಕೆ ಮೂರು. ಒಂದು, ವದ್ದೀಕೆರೆ ಮತ್ತು ಜೋಡಿ ಚಿಕ್ಕೇನಹಳ್ಳಿ ಅಪಘಾತಗಳ ತನಿಖೆಯ ಸಾರವನ್ನು, ರಹಸ್ಯ ಭಾಗ ಬಿಟ್ಟು, ಸಂಸತ್ತಿನ ಮುಂದಿಡಲಿ. ಹೊಲದಲ್ಲಿ ಬಿದ್ದದ್ದರ ಕಾರಣ ಹೊಲದವನಿಗೆ ಗೊತ್ತಾಗಬೇಕು. ಎರಡು, ಹೊಸ ಖರೀದಿಯಲ್ಲಿ ಜೋಡಣೆಯನ್ನಷ್ಟೇ 'ಸ್ವದೇಶಿ' ಎಂದು ಕರೆಯದೆ, ವಿನ್ಯಾಸ ಯಾರದ್ದು, ಎಂಜಿನ್ ಯಾರದ್ದು ಎಂದು ಬಹಿರಂಗವಾಗಿ ಹೇಳಲಿ. ಮೂರು, ಸಾವಿರಾರು ಎಕರೆ ಕೊಟ್ಟ ಜಿಲ್ಲೆಗೆ ಡ್ರೋನ್ ತಯಾರಿಕೆ ಮತ್ತು ದುರಸ್ತಿಯ ತರಬೇತಿ, ಘಟಕ ಬರಲಿ. ರನ್‌ವೇ ಇಲ್ಲೇ ಇದೆ, ಹುಡುಗ ಹುಡುಗಿಯರೂ ಇಲ್ಲೇ ಇದ್ದಾರೆ.

ಮುಂದಿನ ಸಲ ನಮ್ಮ ಸಂಸದರು ಹಿರಿಯೂರಿಗೋ ಹೊಸದುರ್ಗಕ್ಕೋ ಬಂದಾಗ, ಭದ್ರಾ ನೀರಿನ ಪ್ರಶ್ನೆಯ ಜೊತೆಗೆ ಇದನ್ನೂ ಕೇಳಿ. ನಾನಂತೂ ಈ ಲೆಕ್ಕವನ್ನೆಲ್ಲ ಅಜ್ಜನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿದ್ದಿದ್ದು ತಪ್ಪಲ್ಲ ಬಿಡು. ಎತ್ತಿ ನಿಲ್ಲಿಸ್ದೇ ಹೋದ್ರಲ್ಲ, ಅದು ತಪ್ಪು" ಅಂದರು.