ಸೋರುವ ಆಯಿಲ್, ಸೋಲುವ ಹೊಗೆ ತಪಾಸಣೆ: ರೋಗ ಒಂದೇ ಇರಬಹುದು

ಬೆಂಗಳೂರು: ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿ ನವೀಕರಿಸಲು ಹೊರಟ ಮಾಲೀಕರಿಗೆ ಹೊಗೆ ತಪಾಸಣೆ ಅನಿವಾರ್ಯ. ಅಲ್ಲಿ ಅನುತ್ತೀರ್ಣಗೊಂಡ ಕಾರು ನಿಂತಲ್ಲೆಲ್ಲ ಆಯಿಲ್ ಕಲೆಯನ್ನೂ ಬಿಡುತ್ತಿದ್ದರೆ, 'ಎಂಜಿನ್ ಇಳಿಸಬೇಕು' ಎಂಬ ಮಾತು ಗ್ಯಾರೇಜಿನಲ್ಲಿ ಸುಲಭವಾಗಿ ಕೇಳಿಬರುತ್ತದೆ. ಆದರೆ ಆ ದುಬಾರಿ ವೆಚ್ಚಕ್ಕೆ ಒಪ್ಪುವ ಮುನ್ನ ತಪಾಸಣಾ ಪತ್ರದ ಅಂಕಿಗಳನ್ನು ಓದುವುದು ಒಳಿತು.

ಕೇಂದ್ರ ಮೋಟಾರು ವಾಹನ ನಿಯಮಾವಳಿಯ 115ನೇ ನಿಯಮದಂತೆ, ಬಿಎಸ್-2 ಮತ್ತು ಬಿಎಸ್-3 ಪೆಟ್ರೋಲ್ ಕಾರುಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 0.5 ಹಾಗೂ ಹೈಡ್ರೋಕಾರ್ಬನ್ 750 ಪಿಪಿಎಂ ಮೀರುವಂತಿಲ್ಲ. ಬಿಎಸ್-4 ಕಾರುಗಳಿಗೆ ಈ ಮಿತಿ ಶೇ 0.3 ಮತ್ತು 200 ಪಿಪಿಎಂ. ಡೀಸೆಲ್ ಕಾರುಗಳಲ್ಲಿ ಅಳೆಯುವುದು ಹೊಗೆಯ ದಟ್ಟಣೆಯನ್ನು.

ಅಂಕಿ ಹೇಳುವ ಕಥೆ

ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದರೆ ಗಾಳಿಗಿಂತ ಇಂಧನ ಅತಿಯಾಗಿದೆ ಎಂದರ್ಥ. ಏರ್ ಫಿಲ್ಟರ್, ಆಕ್ಸಿಜನ್ ಸೆನ್ಸರ್, ಹಳೆಯ ಕಾರಾದರೆ ಕಾರ್ಬ್ಯುರೇಟರ್ ನೋಡಬೇಕು. ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ಸ್ಪಾರ್ಕ್ ಪ್ಲಗ್ ಮೊದಲ ಶಂಕಿತ. ನೀಲಿ ಹೊಗೆಯೂ ಇದ್ದರೆ ಆಯಿಲ್ ಉರಿಯುತ್ತಿದೆ. ರಾತ್ರಿ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್, ವೇಗ ಹೆಚ್ಚಿಸಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಸವೆದಿರುವ ಸಂಭವ ಹೆಚ್ಚು. ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಎಂಜಿನ್ ಬಿಚ್ಚಿಸುವುದು ಅವಿವೇಕ.

ಹೊರಗೆ ಸೋರುವ ಆಯಿಲ್ ತಾನಾಗಿ ತಪಾಸಣೆಯ ಅಂಕಿಯನ್ನು ಏರಿಸದು. ಆದರೂ ಎರಡಕ್ಕೂ ಕೊಂಡಿಯೊಂದಿದೆ. ಎಂಜಿನ್‌ನ ಕೆಳಭಾಗದಲ್ಲಿ ಸೇರುವ ಅನಿಲವನ್ನು ಮರಳಿ ದಹನಕ್ಕೆ ಕಳುಹಿಸುವ ಪಿಸಿವಿ ಎಂಬ ಸಣ್ಣ ವಾಲ್ವ್ ಜಿಡ್ಡುಗಟ್ಟಿದರೆ ಒಳಗಿನ ಒತ್ತಡ ಏರುತ್ತದೆ. ಆ ಒತ್ತಡ ಆಯಿಲನ್ನು ಪ್ಯಾಕಿಂಗ್ ಮತ್ತು ಸೀಲ್‌ಗಳ ಮೂಲಕ ಹೊರದೂಡುತ್ತದೆ. ಆಯಿಲ್ ಹನಿಗಳನ್ನು ಏರ್ ಫಿಲ್ಟರ್‌ಗೂ ಒಯ್ಯುತ್ತದೆ. ಹೀಗೆ ನೆಲದ ಮೇಲಿನ ಕಲೆ, ಪತ್ರದಲ್ಲಿನ ಅಂಕಿ ಎರಡಕ್ಕೂ ಇದೊಂದೇ ಕಾರಣವಾಗಬಲ್ಲದು. ವಾಲ್ವ್ ಹಾಗೇ ಬಿಟ್ಟು ಪ್ಯಾಕಿಂಗ್ ಮಾತ್ರ ಬದಲಿಸಿದರೆ ಸೋರಿಕೆ ಮರುಕಳಿಸುತ್ತದೆ.

ಸೋರಿಕೆಯ ಮೂಲ ಹುಡುಕಲು ಎಂಜಿನ್ ಒರೆಸಿ, ಸ್ವಲ್ಪ ಓಡಿಸಿ, ಮೇಲಿನಿಂದ ಕೆಳಕ್ಕೆ ನೋಡುತ್ತ ಬರಬೇಕು. ಆಯಿಲ್ ಚೇಂಬರ್‌ನಿಂದ ತೊಟ್ಟಿಕ್ಕುವ ಹನಿ ಮೇಲಿನ ಟ್ಯಾಪೆಟ್ ಕವರ್‌ನಿಂದ ಇಳಿದದ್ದಿರಬಹುದು.

ಒಂದು ದಿನದ ಉತ್ತೀರ್ಣತೆ

ತಪಾಸಣೆಯ ದಿನ ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಿ ಪತ್ರ ಪಡೆಯುವ ಉಪಾಯ ಹಳೆಯದು. ಇಂಧನ ಅತಿ ಕಡಿಮೆಯಾದರೆ ಹೈಡ್ರೋಕಾರ್ಬನ್ ಏರುತ್ತದೆ. ಆಯಿಲ್ ಉರಿಸುವ ಎಂಜಿನ್ ಹಾಗೇ ಓಡಿದರೆ, ಆಯಿಲ್‌ನಲ್ಲಿನ ರಂಜಕ ಕೆಟಲಿಟಿಕ್ ಕನ್ವರ್ಟರ್ ಅನ್ನೂ ಕೆಡಿಸುತ್ತದೆ. ಅಗ್ಗದಲ್ಲಿ ಮುಗಿಯಬೇಕಿದ್ದ ದುರಸ್ತಿ ದುಬಾರಿಯಾಗುವುದು ಹೀಗೆ.

2019ರ ತಿದ್ದುಪಡಿ ಕಾಯ್ದೆ ಮಾಲಿನ್ಯ ಮಿತಿ ಮೀರಿದ ವಾಹನಕ್ಕೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶ ನೀಡಿದೆ. ದಂಡದ ಭಯ ಮಾಲೀಕರನ್ನು ತಪಾಸಣಾ ಕೇಂದ್ರದವರೆಗೆ ತರಬಲ್ಲದು. ಎಂಜಿನ್‌ನ ಕಾಯಿಲೆಯನ್ನು ವಾಸಿ ಮಾಡದು. ಅನುತ್ತೀರ್ಣ ಪತ್ರವನ್ನು ಹರಿದೆಸೆಯದೆ ಮೆಕ್ಯಾನಿಕ್ ಕೈಗಿತ್ತು, ಯಾವ ಅಂಕಿ ಏಕೆ ಏರಿದೆ ಎಂದು ಕೇಳಿದರೆ ಜೇಬಿಗೂ ಹಿತ, ನಗರದ ಗಾಳಿಗೂ ಹಿತ.