ಯಂತ್ರದ ಮೇಲಣ ತೀರ್ಪು ಮತ್ತು ಅದರ ಹಿಂದಣ ಪರೀಕ್ಷೆ

ಈಚಿನ ವರ್ಷಗಳಲ್ಲಿ ಕಂಪ್ಯೂಟರಿನ ಒಳಭಾಗಗಳ ವಿಷಯವಾಗಿ ಜನ ಆಡುತ್ತಿರುವ ಮಾತಿಗೆ, ಒಂದು ಕಾಲದಲ್ಲಿ ರಾಜಕಾರಣಕ್ಕೂ ಕ್ರಿಕೆಟ್ಟಿಗೂ ಮೀಸಲಾಗಿದ್ದ ಆವೇಶವು ಬಂದು ಸೇರಿದೆ. ಯಾವ ಕಂಪನಿಯ ಪ್ರೊಸೆಸರ್ ಶ್ರೇಷ್ಠ, ಯಾವ ಗ್ರಾಫಿಕ್ಸ್ ಕಾರ್ಡು ಕೊಟ್ಟ ಹಣಕ್ಕೆ ಮೋಸ, ಯಾವ ಸಂಸ್ಥೆ ಇನ್ನೆರಡು ವರ್ಷಗಳೊಳಗೆ ಮುಳುಗಿಹೋಗತಕ್ಕದ್ದು ಎಂಬುದನ್ನು ಅಂತರ್ಜಾಲದಲ್ಲಿ ಹಗಲಿರುಳೂ ನಿರ್ಣಯಿಸುತ್ತಿರುವವರ ಧ್ವನಿ ಶಿವಮೊಗ್ಗೆಯವರೆಗೂ ಬಂದು ಮುಟ್ಟಿದೆ. ಮಗನನ್ನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸುವ ಸಂಭ್ರಮದಲ್ಲಿ ಗಾಂಧಿ ಬಜಾರಿನ ಇಕ್ಕಟ್ಟಿನೊಳಗೆ ಬಟ್ಟೆಬರೆಗಳನ್ನು ಕೊಂಡು ಮುಗಿಸಿ, ಲ್ಯಾಪ್‌ಟಾಪನ್ನೂ ನೋಡಿಕೊಂಡೇ ಊರಿಗೆ ಹಿಂದಿರುಗೋಣವೆಂದು ದುರ್ಗಿಗುಡಿಯ ಕಡೆಗೆ ನಡೆಯುವ ತಂದೆಯು ಅಂಗಡಿಯಲ್ಲಿ ಬಾಯಿ ತೆರೆಯುವುದಕ್ಕೆ ಮೊದಲೇ, “ಅಣ್ಣಾ, ಅದು ಬೇಡ, ಬಿಸಿ ಆಗ್ತದಂತೆ, ಎಲ್ಲರೂ ಹೇಳ್ತಾರೆ” ಎಂದು ಮಗನು ತೀರ್ಪು ಕೊಟ್ಟಾಗಿರುತ್ತದೆ. ಆ ‘ಎಲ್ಲರೂ’ ಯಾರು, ಎಲ್ಲಿ ಕುಳಿತು, ಯಾವ ಯಂತ್ರವನ್ನು ಎಷ್ಟು ಕಾಲ ಬಳಸಿ ಹಾಗೆಂದರು ಎಂಬುದನ್ನು ಅಂಗಡಿಯವನೂ ಕೇಳುವುದಿಲ್ಲ, ತಂದೆಯೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಲೇಬೇಕೆಂಬುದೂ, ಅದಕ್ಕೆ ನಂಬಿಕೆಯ ಉತ್ತರವನ್ನು ಕೊಡಬಲ್ಲವರು ನಮ್ಮ ಊರಿನಲ್ಲಿಯೇ ಇದ್ದಾರೆಂಬುದೂ ನನ್ನ ವಾದ.

ಇಂತಹ ಮಾತನ್ನು ಕಿವಿಗೆ ಹಾಕಿಕೊಳ್ಳದಿರುವುದೇ ಮೇಲು ಎನ್ನುವ ಹಿರಿಯರುಂಟು. ನಾನು ಆ ಪಕ್ಷದವನಲ್ಲ. ಪ್ರೊಸೆಸರುಗಳನ್ನೂ ಮೆಮೊರಿ ಚಿಪ್ಪುಗಳನ್ನೂ ತಯಾರಿಸುವ ಸಂಸ್ಥೆಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಅವುಗಳ ತಪ್ಪನ್ನು ಅವುಗಳ ಮುಖಕ್ಕೆ ಹಿಡಿದು ತೋರಿಸುವ ಶಕ್ತಿ, ಕೊಳ್ಳುವವರು ಪರಸ್ಪರ ಆಡಿಕೊಳ್ಳುವ ಮಾತಿಗೆ ಉಂಟಾಗಿರುವಷ್ಟು ಬೇರೆ ಯಾವುದಕ್ಕೂ ಸುಲಭವಾಗಿ ಉಂಟಾಗಿಲ್ಲ. 1994ರಲ್ಲಿ ನಡೆದ ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅಮೆರಿಕದ ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಥಾಮಸ್ ನೈಸ್ಲಿ ಎಂಬುವರು ಅವಳಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡಿಸುತ್ತಿದ್ದಾಗ, ಇಂಟೆಲ್ ಸಂಸ್ಥೆಯ ಹೊಸ ಪೆಂಟಿಯಂ ಪ್ರೊಸೆಸರು ಕೊಟ್ಟ ಉತ್ತರವು ಹಳೆಯ ಯಂತ್ರಗಳ ಉತ್ತರಕ್ಕೆ ಹೊಂದದೆ ಹೋಯಿತು. ಅವರು ಒಡನೆಯೇ ಇಂಟೆಲನ್ನು ದೂಷಿಸಲಿಲ್ಲ. ತಾವು ಬರೆದ ಪ್ರೋಗ್ರಾಮಿನಲ್ಲಿ ದೋಷವುಂಟೋ, ಮದರ್‌ಬೋರ್ಡಿನಲ್ಲಿ ಉಂಟೋ ಎಂದು ತಿಂಗಳುಗಳ ಕಾಲ ಒಂದೊಂದನ್ನಾಗಿ ಶೋಧಿಸಿ, ಬೇರೆ ಬೇರೆ ಯಂತ್ರಗಳಲ್ಲಿ ಅದೇ ಭಾಗಾಕಾರವನ್ನು ಮಾಡಿನೋಡಿ, ಉಳಿದ ಎಲ್ಲ ಶಂಕೆಗಳೂ ಕಳೆದ ಬಳಿಕವೇ ಅಕ್ಟೋಬರ್ 30ರಂದು ಕೆಲವರಿಗೆ ಪತ್ರ ಬರೆದು, ಅವರೂ ತಮ್ಮ ಯಂತ್ರಗಳಲ್ಲಿ ಪರೀಕ್ಷಿಸಬೇಕೆಂದು ಕೋರಿದರು. ಪತ್ರವು ಅಂತರ್ಜಾಲದಲ್ಲಿ ಹರಡಿತು. ಓದಿದವರು ತಮ್ಮ ತಮ್ಮ ಮೇಜಿನ ಮೇಲೆ ಅದೇ ಲೆಕ್ಕವನ್ನು ಮಾಡಿದರು. ಪೆಂಟಿಯಂ ಇದ್ದವರಿಗೆ ಅದೇ ತಪ್ಪು ಉತ್ತರ ಬಂದಿತು. ಸಾಮಾನ್ಯ ಬಳಕೆದಾರನಿಗೆ ಇಂತಹ ತಪ್ಪು 27,000 ವರ್ಷಗಳಿಗೊಮ್ಮೆ ಎದುರಾದೀತೆಂದು ಇಂಟೆಲ್ ಸಮಾಧಾನ ಹೇಳಿತಾದರೂ ಜನ ಒಪ್ಪಲಿಲ್ಲ. ಭಾಗಾಕಾರಕ್ಕೆಂದು ಚಿಪ್ಪಿನೊಳಗೆ ಅಳವಡಿಸಿದ್ದ ಕೋಷ್ಟಕದಲ್ಲಿ ಐದು ಮನೆಗಳು ಬರಿದಾಗಿ ಉಳಿದಿದ್ದುದೇ ದೋಷದ ಮೂಲ. ಡಿಸೆಂಬರ್ 20ರಂದು, ಕೇಳಿದವರಿಗೆಲ್ಲ ಯಾವ ಪ್ರಶ್ನೆಯನ್ನೂ ಹಾಕದೆ ಚಿಪ್ಪನ್ನು ಬದಲಿಸಿಕೊಡುವುದಾಗಿ ಸಂಸ್ಥೆಯು ಸಾರಬೇಕಾಯಿತು. ಅದಕ್ಕಾಗಿ ಅದು ತನ್ನ ಲೆಕ್ಕಪತ್ರದಲ್ಲಿ ತೆಗೆದಿರಿಸಿದ ಮೊತ್ತ 47.5 ಕೋಟಿ ಡಾಲರು.

ಮೂವತ್ತು ವರ್ಷಗಳ ತರುವಾಯ ಅದೇ ಸಂಸ್ಥೆಯ ವಿಷಯದಲ್ಲಿ ಅದೇ ಬಗೆಯ ಪ್ರಸಂಗವು ಮತ್ತೆ ನಡೆಯಿತು. ಇಂಟೆಲ್‌ನ ಹದಿಮೂರನೆಯ ಮತ್ತು ಹದಿನಾಲ್ಕನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಕೆಲವು ಆಟದ ನಡುವೆ, ಕೆಲಸದ ನಡುವೆ ಕಾರಣ ತಿಳಿಯದೆ ಕುಸಿದುಬೀಳುತ್ತಿವೆಯೆಂಬ ದೂರು 2024ರಲ್ಲಿ ದೊಡ್ಡದಾಯಿತು. ಮೊದಮೊದಲು ಕೆಲವರು ಗ್ರಾಫಿಕ್ಸ್ ಕಾರ್ಡನ್ನು ದೂರಿದರು, ಕೆಲವರು ಮದರ್‌ಬೋರ್ಡ್ ತಯಾರಕರನ್ನು ದೂರಿದರು. ಕೂಗಾಟ ಬಹಳವಾಯಿತು, ತಿಳಿವಳಿಕೆ ಹೆಚ್ಚಲಿಲ್ಲ. ಯಾವ ಚಿಪ್ಪು, ಎಷ್ಟು ತಿಂಗಳ ಬಳಕೆಯ ನಂತರ, ಯಾವ ವೋಲ್ಟೇಜಿನಲ್ಲಿ ಕೆಟ್ಟಿತೆಂಬುದನ್ನು ತಾಳ್ಮೆಯಿಂದ ದಾಖಲಿಸಿದ ಕೆಲವರಿಂದ ವಿಷಯವು ಹೊರಗೆ ಬಂದಿತು. ಪ್ರೊಸೆಸರು ತನಗೆ ಬೇಕಾದುದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಕೇಳಿಕೊಳ್ಳುತ್ತಿದ್ದು, ಅದರಿಂದ ಕಾಲಕ್ರಮದಲ್ಲಿ ಶಾಶ್ವತವಾಗಿ ಕ್ಷೀಣಿಸುತ್ತಿತ್ತೆಂದು ಸಂಸ್ಥೆಯೂ ಒಪ್ಪಿಕೊಂಡಿತು. ಆಗಸ್ಟಿನಲ್ಲಿ ತಿದ್ದುಪಡಿಯನ್ನು ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಈಗಾಗಲೇ ಕೆಟ್ಟ ಚಿಪ್ಪನ್ನು ಆ ತಿದ್ದುಪಡಿಯು ಗುಣಪಡಿಸಲಾರದೆಂಬುದನ್ನು ಅಂತಹ ಯಂತ್ರವನ್ನು ಇನ್ನೂ ಇಟ್ಟುಕೊಂಡಿರುವ ಓದುಗರು ತಿಳಿದಿರುವುದು ಒಳ್ಳೆಯದು.

ಈ ಎರಡು ಪ್ರಸಂಗಗಳಲ್ಲಿ ಬೆಲೆಯುಳ್ಳದ್ದಾದುದು ಪರೀಕ್ಷೆಯಿಂದ ಹುಟ್ಟಿದ ಮಾತು. ಅದೇ ವೇಳೆಯಲ್ಲಿ ಅದರ ಸುತ್ತಲೂ ಎದ್ದ ಉಳಿದ ಮಾತಿನ ಬಹುಭಾಗವು ಒಬ್ಬನು ಅಂದುದನ್ನು ಇನ್ನೊಬ್ಬನು ಇನ್ನಷ್ಟು ಗಟ್ಟಿಯಾಗಿ ಅಂದುದರ ಸಂಚಯ ಮಾತ್ರ. ನಮ್ಮ ಜಿಲ್ಲೆಯ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆ ಕಟ್ಟುವವನು ಮೂಟೆಯೊಳಗೆ ಕೈಯಿಕ್ಕಿ, ಅಡಿಕೆಯನ್ನು ಒಡೆದು, ಒಳಗಣ ಬಣ್ಣವನ್ನು ಕಂಡಲ್ಲದೆ ಧಾರಣೆಯನ್ನು ನುಡಿಯುವುದಿಲ್ಲ. ನೆರೆಯ ತಾಲ್ಲೂಕಿನಲ್ಲಿ ಯಾರೋ ಒಬ್ಬರು ಈ ವರ್ಷದ ಫಸಲು ಕೆಟ್ಟದ್ದೆಂದರೆಂಬ ಕಾರಣಕ್ಕೆ ಕಣ್ಣೆದುರಿನ ಮೂಟೆಯನ್ನು ತಿರಸ್ಕರಿಸುವುದೂ ಇಲ್ಲ. ಅಡಿಕೆಯ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ಮನೆತನಗಳು, ಬಹಳಷ್ಟು ಹಣವನ್ನು ಸುರಿದು ಕಂಪ್ಯೂಟರನ್ನು ಕೊಳ್ಳುವಾಗ, ಮುಖ ಕಾಣದವರ ತೀರ್ಪನ್ನು ಪ್ರಶ್ನೆಯಿಲ್ಲದೆ ಒಪ್ಪಿಕೊಳ್ಳುವುದು ನನಗೆ ನಿಜವಾಗಿ ನೋವನ್ನು ಕೊಡುತ್ತದೆ.

ಇನ್ನೊಂದು ಮಾತು. ಪ್ರಾಮಾಣಿಕವಾಗಿ ಮಾಡಿದ ಪರೀಕ್ಷೆಯೂ ಒಂದು ಊರಿಗೆ, ಒಂದು ಹವೆಗೆ ಸೇರಿದುದು. ಬಹುಪಾಲು ವಿಮರ್ಶಕರು ಯಂತ್ರವನ್ನು ಅಳೆಯುವುದು ಇಪ್ಪತ್ತೊಂದರಿಂದ ಇಪ್ಪತ್ತೈದು ಡಿಗ್ರಿಯಷ್ಟು ತಂಪಾದ, ಧೂಳಿಲ್ಲದ ಕೋಣೆಯಲ್ಲಿ, ಏರಿಳಿತವಿಲ್ಲದ ವಿದ್ಯುತ್ತಿನಲ್ಲಿ. ಕೋಣೆಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಯಂತ್ರದೊಳಗಣ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ; ನೂರು ಡಿಗ್ರಿಯ ಆಸುಪಾಸಿಗೆ ಬಂದ ಪ್ರೊಸೆಸರು ತನ್ನನ್ನು ತಾನು ಉಳಿಸಿಕೊಳ್ಳಲು ವೇಗವನ್ನು ಇಳಿಸಿಕೊಳ್ಳುತ್ತದೆ. ಆದುದರಿಂದ ತಂಪು ದೇಶದ ಕೋಣೆಯಲ್ಲಿ ಒಂದು ಇನ್ನೊಂದನ್ನು ಮೀರಿಸಿದ್ದ ಎರಡು ಲ್ಯಾಪ್‌ಟಾಪುಗಳು ಏಪ್ರಿಲ್ ತಿಂಗಳಿನ ಭದ್ರಾವತಿಯಲ್ಲಿ, ತಗಡಿನ ಮಾಡಿನ ಕೆಳಗೆ, ಒಂದೇ ಮಂದಗತಿಗೆ ಇಳಿಯಬಹುದು. ವಿದ್ಯುತ್ತನ್ನು ಹದಗೊಳಿಸಿ ಕೊಡುವ ಎಸ್‌ಎಂಪಿಎಸ್‌ನೊಳಗಣ ಕೆಪಾಸಿಟರುಗಳ ಆಯುಷ್ಯವಂತೂ ಉಷ್ಣತೆ ಹತ್ತು ಡಿಗ್ರಿ ಏರಿದಾಗಲೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಆ ವಿದ್ಯೆಯವರು ಬಹುಕಾಲದಿಂದ ಬಲ್ಲ ನಿಯಮ. ಸಂಜೆಯ ಹೊತ್ತು ತೋಟದ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡಿದಾಗ 230 ವೋಲ್ಟು ಎಂದು ಕಾಗದದಲ್ಲಿರುವ ವಿದ್ಯುತ್ತು ಎಷ್ಟಕ್ಕೆ ಇಳಿಯುತ್ತದೆಂಬುದನ್ನು ಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಮುಂಗಾರಿಗೆ ಮುಂಚಿನ ಗುಡುಗುಮಳೆಯಲ್ಲಿ ಸಿಡಿಲು ತಂತಿಯ ಮಾರ್ಗವಾಗಿ ಮನೆಯೊಳಗೆ ಬಂದು ಮೋಡೆಮ್ಮನ್ನೂ ಅದಕ್ಕೆ ತಗುಲಿದ ಕಂಪ್ಯೂಟರನ್ನೂ ಒಟ್ಟಿಗೆ ಸುಡುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯ ಸುತ್ತಿನಲ್ಲಿ, ತೀರ್ಥಹಳ್ಳಿ ಹೊಸನಗರಗಳಲ್ಲಿ, ತಿಂಗಳುಗಟ್ಟಲೆ ಬಿಡದ ತೇವವು ರ‍್ಯಾಮಿನ ಸಂಪರ್ಕಪಟ್ಟಿಗಳಿಗೆ ಕಿಲುಬು ಹಿಡಿಸುತ್ತದೆ. ಇವುಗಳಲ್ಲಿ ಒಂದಾದರೂ ವಿದೇಶದ ವಿಮರ್ಶಕನ ಲೆಕ್ಕಕ್ಕೆ ಬಂದಿರಲಾರದು. ಅದು ಆತನ ಅಪರಾಧವಲ್ಲ.

ಹಾಗಾದರೆ ಇವನ್ನೆಲ್ಲ ಬಲ್ಲವರಾರು? ಶಿವಮೊಗ್ಗೆಯಲ್ಲಿಯೂ ಭದ್ರಾವತಿಯಲ್ಲಿಯೂ ಚಿಕ್ಕ ಕೋಣೆಗಳಲ್ಲಿ ಕುಳಿತು, ಬ್ರಷ್ಷು, ಮಲ್ಟಿಮೀಟರು, ಕಾಯಿಸಿದ ಸೋಲ್ಡರ್ ಕಡ್ಡಿಗಳೊಡನೆ ದಿನವನ್ನು ಕಳೆಯುವ ರಿಪೇರಿಯವರು. ಜೂನಿನಲ್ಲಿ ಯಾವ ಭಾಗ ಕೆಟ್ಟು ಬರುತ್ತದೆ, ಮೇ ತಿಂಗಳಿನಲ್ಲಿ ಯಾವುದು; ಯಾವ ಹೆಸರುವಾಸಿ ಲ್ಯಾಪ್‌ಟಾಪಿನ ಹಿಂಜು ಎರಡನೆಯ ವರ್ಷಕ್ಕೆ ಮುರಿಯುತ್ತದೆ, ಯಾರೂ ಹೊಗಳದ ಯಾವ ಅಗ್ಗದ ಯಂತ್ರ ಹತ್ತು ವರ್ಷ ಬಾಳುತ್ತದೆ; ಯಾವ ಯುಪಿಎಸ್ಸಿನ ಬ್ಯಾಟರಿ ನಮ್ಮ ಕರೆಂಟಿಗೆ ತಾಳುತ್ತದೆ ಎಂಬ ಜ್ಞಾನವೆಲ್ಲ ಅವರ ಬೆರಳತುದಿಯಲ್ಲಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ಮುಗಿದಾಗ, ಹೊಸ ವಿಂಡೋಸಿಗೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಹಳೆಯ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಬೇಕೆಂಬ ಮಾತು ಎಲ್ಲೆಲ್ಲಿಯೂ ಕೇಳಿಬಂದಿತು. ಅಂತಹ ಯಂತ್ರಕ್ಕೆ ಒಂದು ಎಸ್‌ಎಸ್‌ಡಿಯನ್ನು ಹಾಕಿ, ಹಣ ಕೊಡಬೇಕಾಗಿಲ್ಲದ ಲಿನಕ್ಸನ್ನು ಅಳವಡಿಸಿದರೆ ಶಾಲೆಯ ಮಕ್ಕಳಿಗೂ ಸಹಕಾರ ಸಂಘದ ಲೆಕ್ಕಕ್ಕೂ ಇನ್ನೂ ಕೆಲವು ವರ್ಷ ಸಾಕಾದೀತೆಂಬುದನ್ನು ರಿಪೇರಿಯವರು ಕೈಯಾರೆ ಮಾಡಿ ಬಲ್ಲರು. ಆದರೆ ಅವರ ತಿಳಿವಳಿಕೆಯು ಎದುರಿಗೆ ನಿಂತ ಗಿರಾಕಿಗೆ “ಇದು ಇಲ್ಲಿ ಬಾಳಿಕೆ ಬರೋದಿಲ್ಲ ಮಾರಾಯರೆ” ಎಂಬ ಒಂದು ವಾಕ್ಯವಾಗಿ ಹೊರಬಂದು, ಅಲ್ಲಿಯೇ ಅಡಗಿಹೋಗುತ್ತದೆ. ಬರವಣಿಗೆಗೆ ಇಳಿಯುವುದಿಲ್ಲ, ಅಂಗಡಿ ಮುಚ್ಚಿದ ದಿನ ಅದೂ ಮುಚ್ಚುತ್ತದೆ. ಲೋಕವೆಲ್ಲ ಮಾತನಾಡುತ್ತಿರುವ ಒಂದು ವಿಷಯದಲ್ಲಿ, ಮಾತನಾಡಲು ಅತ್ಯಂತ ಅರ್ಹರಾದವರು ಮೌನವಾಗಿರುವುದು ದೊಡ್ಡ ನಷ್ಟವೆಂದು ನಾನು ಎಣಿಸುತ್ತೇನೆ.

ಕೈಗಾರಿಕೆಯ ಸುದ್ದಿಯ ವಿಷಯಕ್ಕೆ ಬಂದರೆ ಈ ದೋಷವು ಇನ್ನೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ: ಘೋಷಣೆಯನ್ನೇ ಕಾರ್ಖಾನೆಯೆಂದು ಎಣಿಸುವುದು. 2022ರ ಮೇ 1ರಂದು ಐಎಸ್‌ಎಂಸಿ ಎಂಬ ಸಂಸ್ಥೆಯೊಡನೆ ಕರ್ನಾಟಕ ಸರ್ಕಾರವು ಒಪ್ಪಂದಕ್ಕೆ ಸಹಿ ಹಾಕಿದಾಗ, ಮೈಸೂರಿನ ಕೋಚನಹಳ್ಳಿಯಲ್ಲಿ 22,900 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಕಾರ್ಖಾನೆಯು ಏಳುವುದೆಂದೂ, 1,500 ಮಂದಿಗೆ ನೇರ ಉದ್ಯೋಗ ದೊರೆಯುವುದೆಂದೂ ಸುದ್ದಿಯಾಯಿತು. ಕನ್ನಡನಾಡು ಚಿಪ್ಪಿನ ರಾಜಧಾನಿಯಾಯಿತೆಂದು ನಲಿದವರೆಷ್ಟೋ. ಆದರೆ ಅದಕ್ಕೆ ತಂತ್ರಜ್ಞಾನವನ್ನು ಕೊಡಬೇಕಾಗಿದ್ದ ಇಸ್ರೇಲಿನ ಟವರ್ ಸಂಸ್ಥೆಯನ್ನು 540 ಕೋಟಿ ಡಾಲರಿಗೆ ಕೊಳ್ಳುವುದಾಗಿ ಇಂಟೆಲ್ ಅದೇ ವರ್ಷದ ಫೆಬ್ರವರಿಯಲ್ಲಿಯೇ ಪ್ರಕಟಿಸಿದ್ದಿತು; ಆ ಖರೀದಿಯು ಚೀನಾದ ಅನುಮತಿ ದೊರೆಯದೆ 2023ರ ಆಗಸ್ಟಿನಲ್ಲಿ ಮುರಿದುಬಿದ್ದಿತು; ಮೈಸೂರಿನ ಕಾರ್ಖಾನೆ ಏಳಲೇ ಇಲ್ಲ. ಒಪ್ಪಂದದ ದಿನ ನಲಿದವರು ಆಮೇಲೆ ಅದರ ಮಾತೆತ್ತಲಿಲ್ಲ. ಇತ್ತ, ನಮ್ಮಲ್ಲಿ ನಿಜವಾಗಿ ನಡೆದ ಕೆಲಸವು ಎಷ್ಟು ಮಂದಿಯ ಮಾತಿಗೆ ವಸ್ತುವಾಯಿತು? ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿಯೇ ಬೆಂಗಳೂರಿನಲ್ಲಿ ವಿನ್ಯಾಸಕೇಂದ್ರವನ್ನು ತೆರೆಯಿತು. 2008ರಲ್ಲಿ ಹೊರಬಂದ ಇಂಟೆಲ್‌ನ ಆರು ಕೋರುಗಳ ಜಿಯಾನ್ 7400 ಪ್ರೊಸೆಸರು ಬೆಂಗಳೂರಿನ ಇಂಜಿನಿಯರುಗಳ ವಿನ್ಯಾಸದ ಫಲ.

ಭದ್ರಾವತಿಯ ಜನಕ್ಕೆ ಘೋಷಣೆಗೂ ಕುಲುಮೆಗೂ ನಡುವಣ ದೂರ ಎಷ್ಟೆಂಬುದು ಅನುಭವದಿಂದ ಗೊತ್ತು. ಮೈಸೂರು ಸಂಸ್ಥಾನವು 1918ರಲ್ಲಿ ಕೈಗೆತ್ತಿಕೊಂಡ ಕಬ್ಬಿಣದ ಕಾರ್ಖಾನೆಯು, ಕೆಮ್ಮಣ್ಣುಗುಂಡಿಯ ಅದಿರಿನಿಂದಲೂ ಮಲೆನಾಡಿನ ಕಾಡಿನ ಇದ್ದಿಲಿನಿಂದಲೂ ಕಬ್ಬಿಣವನ್ನು ಕರಗಿಸಲು ಮೊದಲುಮಾಡಿದ್ದು 1923ರಲ್ಲಿ. ಮಾರುಕಟ್ಟೆಯಲ್ಲಿ ಕಬ್ಬಿಣದ ಬೆಲೆ ಕುಸಿದಿತ್ತು, ಟೀಕೆ ಬಲವಾಗಿತ್ತು. ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡ ವಿಶ್ವೇಶ್ವರಯ್ಯನವರು ವೆಚ್ಚವನ್ನು ಇಳಿಸಿ, ವಿದೇಶೀಯರ ಸ್ಥಾನಗಳಿಗೆ ನಮ್ಮವರನ್ನು ತಂದು, 1929ರವರೆಗೆ ಅದನ್ನು ದಡ ಹತ್ತಿಸುವ ಕೆಲಸದಲ್ಲಿ ತೊಡಗಿದ್ದರು. ಅದೇ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಜನವರಿಯಲ್ಲಿ ಹೊರಬಿದ್ದ ಮೇಲೆ, ಪುನಶ್ಚೇತನದ ಸುದ್ದಿಯನ್ನು ಕೇಳಿದಾಗಲೆಲ್ಲ ಆ ಊರಿನವರು ಹಣ ಎಲ್ಲಿಂದ, ಅದಿರು ಎಲ್ಲಿಂದ, ಯಾವ ತಿಂಗಳು ಎಂದು ಕೇಳುತ್ತಾರೆ. ಚಿಪ್ಪಿನ ಕಾರ್ಖಾನೆಯ ಸುದ್ದಿಗೂ ಇದೇ ಪ್ರಶ್ನೆಗಳು ಸಲ್ಲತಕ್ಕವು: ತಂತ್ರಜ್ಞಾನ ಯಾರದು, ನೀರೂ ಎಡೆಬಿಡದ ವಿದ್ಯುತ್ತೂ ಎಲ್ಲಿಂದ, ಮೊದಲ ಸಿಲಿಕಾನ್ ಬಿಲ್ಲೆ ಹೊರಬರುವುದು ಯಾವಾಗ. ಒಪ್ಪಂದದ ಸುದ್ದಿಯನ್ನು ಮುಖಪುಟದಲ್ಲಿ ಅಚ್ಚುಹಾಕಿದ ಪತ್ರಿಕೆಗಳು ವರ್ಷಕ್ಕೊಮ್ಮೆ ಅದರ ಸ್ಥಿತಿಯನ್ನು ಅದೇ ಪುಟದಲ್ಲಿ ತಿಳಿಸುವ ಹೊಣೆಯನ್ನೂ ಹೊರಬೇಕು.

ರಿಪೇರಿಯವರ ವಿಷಯದಲ್ಲಿ ನಾನು ಸೂಚಿಸುವ ಕಾರ್ಯವು ಚಿಕ್ಕದು. ಇಚ್ಛೆಯುಳ್ಳ ಅಂಗಡಿಗಳು ಒಂದೊಂದು ದಫ್ತರವನ್ನು ಇಟ್ಟು, ಬಂದ ಯಂತ್ರದ ಮಾಡೆಲ್, ಕೊಂಡ ವರ್ಷ, ಬಳಸಿದ ಊರು, ಕೆಟ್ಟ ಭಾಗ, ಕೆಟ್ಟ ತಿಂಗಳು, ಸ್ಟೆಬಿಲೈಸರ್ ಅಥವಾ ಯುಪಿಎಸ್ ಇತ್ತೋ ಇಲ್ಲವೋ, ಇಷ್ಟನ್ನು ಕನ್ನಡದಲ್ಲಿ ಬರೆದಿಡಲಿ. ಗಿರಾಕಿಯ ಹೆಸರು ಬೇಡ, ಅಂಗಡಿಯ ಹೆಸರೂ ಬೇಡ. ಜಿಲ್ಲೆಯ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಆ ದಫ್ತರಗಳನ್ನು ಒಟ್ಟುಗೂಡಿಸಿ ಎಣಿಸಿದರೆ, ಅದರಿಂದ ಅವರಿಗೆ ಒಂದು ಪ್ರಾಜೆಕ್ಟೂ ಆದೀತು. ಹತ್ತು ಯಂತ್ರಗಳ ಲೆಕ್ಕದಿಂದ ಯಾವ ಕಂಪನಿಯನ್ನೂ ನಿಂದಿಸಬಾರದು. ಎಣಿಕೆಯು ನೂರುಗಳಿಗೆ ಏರುವವರೆಗೆ ತಾಳ್ಮೆ ಬೇಕು. ಮುಂಗಾರಿಗೆ ಹಿಂದಿನ ಎರಡು ತಿಂಗಳು ಮತ್ತು ಮಳೆಗಾಲದ ನಾಲ್ಕು ತಿಂಗಳು, ಇಷ್ಟರ ಲೆಕ್ಕ ಸಿಕ್ಕರೂ ಮೊದಲ ವರ್ಷಕ್ಕೆ ಸಾಕು. ಜಿಲ್ಲೆಯ ಪತ್ರಿಕೆಗಳು ಅಡಿಕೆ ಧಾರಣೆಯನ್ನು ಪ್ರಕಟಿಸುವ ಪುಟದಲ್ಲಿ ತಿಂಗಳಿಗೊಮ್ಮೆ ಅದಕ್ಕೂ ಎರಡು ಕಾಲಮು ಸ್ಥಳ ಕೊಡಬೇಕೆಂದು ಸಂಪಾದಕರನ್ನು ಪ್ರಾರ್ಥಿಸುತ್ತೇನೆ.